ಮಗ ಹೀಗಿದ್ದರೂ ನೀವಿಬ್ಬರೂ ಹೇಗೆ ಚೆನ್ನಾಗಿದ್ದೀರಿ?

ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಪಕ್ಕದವರು ದನಿ ತಗ್ಗಿಸಿ ಇದನ್ನು ಕೇಳುತ್ತಾರೆ. ನನ್ನ ಮಗನಿಗೆ 31 ವರ್ಷ, ಕುಡಿತ ಅಂಟಿಕೊಂಡು ಒಂಬತ್ತು ವರ್ಷ. ಕೇಳುವವರಲ್ಲಿ ಹೆಚ್ಚಿನವರು ಇದೇ ಸಂಕಟ ಮನೆಯಲ್ಲಿಟ್ಟುಕೊಂಡ ತಾಯಂದಿರು. ಅವರಿಗಾಗಿ ಬರೆಯುತ್ತಿದ್ದೇನೆ.

ನಾವೂ ಮುರಿದುಬೀಳುವ ಹಂತಕ್ಕೆ ಹೋಗಿದ್ದೆವು. ನನಗೆ ಜ್ವರ ಬಂದ ಒಂದು ದಿನ ಇವರು ಸಾರಿಗೆ ಒಗ್ಗರಣೆ ಹಾಕಲು ಹೋದರು. ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಮಡಿಸಿಟ್ಟ ನಾಲ್ಕು ಐನೂರರ ನೋಟು. 'ಅಮ್ಮಾ, ಇದೇ ಕೊನೇ ಸಲ' ಅಂತ ಮಗ ಬಂದಾಗ ಕೊಡಲು ನಾನು ಬಚ್ಚಿಟ್ಟಿದ್ದು. ಇವರು ಕೂಗಾಡಲಿಲ್ಲ. ನೋಟುಗಳನ್ನು ನನ್ನ ಹಾಸಿಗೆ ಮೇಲಿಟ್ಟು, 'ಅವನು ಸುಳ್ಳು ಹೇಳೋದು ಕಾಯಿಲೆ ಕಣೇ. ನೀನ್ಯಾಕೆ ಹೇಳ್ದೆ?' ಅಂದರು. ಮುವ್ವತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ನೋವಾದ ಮಾತು ಇನ್ನೊಂದಿಲ್ಲ.

ಆ ರಾತ್ರಿ ಇವರೂ ಬಾಯಿಬಿಟ್ಟರು. ಮಗನ ಸಾಲ ತೀರಿಸಲು ನನಗೆ ತಿಳಿಸದೆ ಎಫ್‌ಡಿ ಮುರಿಸಿದ್ದರಂತೆ. ಒಬ್ಬರ ಕಣ್ಣು ತಪ್ಪಿಸಿ ಇನ್ನೊಬ್ಬರು ಅವನನ್ನು ಕಾಪಾಡುತ್ತಿದ್ದೆವು. ಅವನ ಕುಡಿತ ನಮ್ಮಿಬ್ಬರಿಂದಲೂ ಸರಾಗವಾಗಿ ನಡೆಯುತ್ತಿತ್ತು. ಮರುದಿನದಿಂದ ಒಂದೇ ಕಟ್ಟುಪಾಡು: ಇನ್ನೊಬ್ಬರಿಗೆ ಹೇಳದೆ ಅವನಿಗೆ ಒಂದು ರೂಪಾಯಿಯೂ ಇಲ್ಲ, ಒಂದು ಮಾತೂ ಇಲ್ಲ. ಅವನು ನನ್ನ ಹತ್ತಿರ ಒಂದು, ಅಪ್ಪನ ಹತ್ತಿರ ಒಂದು ಹೇಳುತ್ತಿದ್ದ. 'ಇಬ್ಬರೂ ಮಾತಾಡ್ಕೊಂಡು ಹೇಳ್ತೀವಿ' ಅನ್ನುವ ಉತ್ತರ ಬಂದ ಮೇಲೆ ಆ ದಾರಿ ಮುಚ್ಚಿತು. ಹೆತ್ತ ಹೊಟ್ಟೆ, ಸುಲಭವಾಗಿರಲಿಲ್ಲ.

'ನೀನು ಮುದ್ದು ಮಾಡಿ ಕೆಡಿಸಿದೆ', 'ನೀವು ಹೊಡೆದು ಕೆಡಿಸಿದಿರಿ' ಎಂಬ ಜಗಳ ನಿಲ್ಲಲು ಇನ್ನೂ ಕಾಲ ಬೇಕಾಯಿತು. ಕುಡುಕರ ಮನೆಯವರಿಗೆಂದೇ ಆಲ್-ಅನಾನ್ ಎಂಬ ಕೂಟಗಳಿವೆ. 1951ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಬೆಂಗಳೂರಿನಲ್ಲೂ ಸೇರುತ್ತಾರೆ. ಅಲ್ಲಿ ಹೇಳುವ ಮಾತು: ಈ ಚಟವನ್ನು ನೀವು ತಂದಿದ್ದಲ್ಲ, ಹತೋಟಿಯಲ್ಲಿಡಲು ನಿಮ್ಮಿಂದಾಗದು, ವಾಸಿ ಮಾಡಲೂ ಆಗದು. ಮೊದಲ ಸಲ ಕೇಳಿದಾಗ ಇವರು ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಇವರ ಕಣ್ಣೀರು ನೋಡಿದ್ದು ನಮ್ಮ ಮಾವ ತೀರಿಕೊಂಡಾಗ ಮಾತ್ರ.

ಒಂದು ಎಚ್ಚರಿಕೆ ಹೇಳಲೇಬೇಕು. ಹಟಕ್ಕೆ ಬಿದ್ದು ಒಮ್ಮೆ ಅವನನ್ನು ರೂಮಿನಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ಹೋದೆವು. ಎರಡನೇ ದಿನ ಫಿಟ್ಸ್ ಬಂತು. ವರ್ಷಗಟ್ಟಲೆ ಕುಡಿದವರು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ಡಾಕ್ಟರ ಕಣ್ಗಾವಲಿನಲ್ಲೇ ಬಿಡಿಸಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇದೆ. ಮನೆಯವರೂ ಕರೆ ಮಾಡಬಹುದು.

'ಮದುವೆ ಮಾಡಿ, ಸರಿಹೋಗ್ತಾನೆ' ಅನ್ನುವವರಿಗೆ ನಾನು ಕೈಮುಗಿಯುತ್ತೇನೆ. ನಾವಿಬ್ಬರು ಹೊರಲಾಗದ್ದನ್ನು ಯಾರದೋ ಮನೆಯ ಹೆಣ್ಣುಮಗಳ ತಲೆಮೇಲಿಡುವುದಿಲ್ಲ.

ಸಂಜೆ ಆರರಿಂದ ಏಳರವರೆಗೆ ಕೆರೆ ಏರಿ ಮೇಲೆ ನಡೆಯುತ್ತೇವೆ. ಆ ಒಂದು ಗಂಟೆ ಮಗನ ಸುದ್ದಿ ಎತ್ತುವಂತಿಲ್ಲ. ಮೊದಮೊದಲು ಮಾತೇ ಇರಲಿಲ್ಲ, ಬರೀ ನಡೆದು ಬರುತ್ತಿದ್ದೆವು. ಒಂದು ದಿನ ಇವರು ನೀರುಕಾಗೆ ತೋರಿಸಿ, ಮದುವೆಯಾದ ಹೊಸದರಲ್ಲಿ ರಂಗನತಿಟ್ಟಿಗೆ ಹೋಗಿದ್ದು ನೆನಪಿದೆಯಾ ಅಂದರು. ದೋಣಿ ಅಲ್ಲಾಡಿದಾಗ ನಾನು ಇವರ ಅಂಗಿ ತೋಳು ಹಿಡಿದು ಹರಿದದ್ದೂ ನೆನಪಿತ್ತು ಇವರಿಗೆ.

ಮಗ ಈಗ ಏಳು ತಿಂಗಳಿಂದ ಮುಟ್ಟಿಲ್ಲ. ಹಿಂದೆಯೂ ಎರಡು ಸಲ ಹೀಗೆ ಬಿಟ್ಟು ಮತ್ತೆ ಹಿಡಿದಿದ್ದ. ಬೇರೆ ರೂಮು ಮಾಡಿಕೊಂಡಿದ್ದಾನೆ. ರಾತ್ರಿ ಅವನ ಫೋನ್ ಬಂದರೆ ಎತ್ತಲು ಸರದಿ ಇಟ್ಟುಕೊಂಡಿದ್ದೇವೆ, ಒಬ್ಬರಾದರೂ ನಿದ್ದೆ ಮಾಡಲಿ ಅಂತ. ಇವತ್ತು ಇವರ ಸರದಿ.