ಹೊಸ ಕಂಪ್ಯೂಟರ್ ಬಂತು, ಹಳೆ ಲೆಕ್ಕ ಎಲ್ಲಿ ಹೋಯಿತು?

14 ಜೂನ್ 2025, ಶನಿವಾರ

ಶಿವಮೊಗ್ಗ ಕಡೆಯ ಒಂದು ಸಹಕಾರ ಸಂಘದ ಕಾರ್ಯದರ್ಶಿ ಬೆಳಿಗ್ಗೆ ಕಾಫಿಗೆ ಮುಂಚೆಯೇ ಫೋನ್ ಮಾಡಿದರು. ಹೊಸ ಕಂಪ್ಯೂಟರ್ ಬಂದಿದೆ, ವಿಂಡೋಸ್ 11. ಮಾರಿದ ಅಂಗಡಿಯ ಹುಡುಗ ಹಳೆ ಮೆಷಿನ್ನಿನಿಂದ ಎಲ್ಲ ಕಾಪಿ ಮಾಡಿಕೊಟ್ಟು ಹೋಗಿದ್ದಾನೆ. ಸಾಫ್ಟ್‌ವೇರ್ ತೆರೆಯುತ್ತದೆ, ಆದರೆ ಲೆಕ್ಕ 2014ಕ್ಕೇ ನಿಂತುಬಿಟ್ಟಿದೆ. "ಹನ್ನೊಂದು ವರ್ಷದ ಸಾಲ, ಠೇವಣಿ ಎಲ್ಲ ಮಾಯ ಆಗಿದೆ ಸರ್" ಅಂದರು. ಪಾಪ, ದನಿ ನಡುಗುತ್ತಿತ್ತು.

ಈ ಸಾಫ್ಟ್‌ವೇರ್ ನಾನು ಬರೆದದ್ದಲ್ಲ. ವಿಬಿ 6 (ವಿಷುಯಲ್ ಬೇಸಿಕ್ 6) ಅನ್ನುವ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾರೋ ಬರೆದು ಬಿಟ್ಟುಹೋದದ್ದು, ಡೇಟಾ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್ ಫೈಲಿನಲ್ಲಿ, ಹೆಸರುಗಳು ನುಡಿ ಫಾಂಟಿನಲ್ಲಿ. ನಾನು ಅದನ್ನು ಹೊಸ ಭಾಷೆ ಸಿ ಶಾರ್ಪ್‌ಗೆ ತರುತ್ತಿದ್ದೇನೆ. ಅದು ಮುಗಿಯುವವರೆಗೆ ಹಳೆಯದನ್ನೂ ಉಸಿರಾಡಿಸಬೇಕು. ಇಂಥ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಊರುಗಳು ಕರ್ನಾಟಕದಲ್ಲಿ ಇನ್ನೂ ಬೇಕಾದಷ್ಟಿವೆ, ಅದಕ್ಕೇ ಇವತ್ತಿನದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

2014 ಅಂದ ತಕ್ಷಣ ಗುಮಾನಿ ಬಂತು. ಆ ವರ್ಷ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿತ್ತು, ಇವರು ಆಗಲೇ ವಿಂಡೋಸ್ 7ಕ್ಕೆ ಬಂದದ್ದು. ಎಕ್ಸ್‌ಪಿ ಕಾಲದ ಪ್ರೋಗ್ರಾಂಗಳು ತಮ್ಮ ಡೇಟಾ ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತಿದ್ದವು, ಯಾರೂ ಬೇಡ ಅನ್ನುತ್ತಿರಲಿಲ್ಲ. ಎಕ್ಸ್‌ಪಿಯ ನಂತರ ಬಂದ ವಿಸ್ಟಾದಿಂದ ಆ ಫೋಲ್ಡರಿಗೆ ಸಾಮಾನ್ಯ ಬಳಕೆದಾರರು ಬರೆಯುವ ಹಾಗಿಲ್ಲ. ಹಾಗಂತ ಹಳೆ ಪ್ರೋಗ್ರಾಂಗಳು ಸಾಯಬಾರದಲ್ಲ, ಅದಕ್ಕೆ ಮೈಕ್ರೋಸಾಫ್ಟ್‌ನವರು ಒಂದು ಉಪಾಯ ಮಾಡಿದರು. ಮ್ಯಾನಿಫೆಸ್ಟ್ (ತನಗೆ ಯಾವ ಅನುಮತಿ ಬೇಕು ಅಂತ ಪ್ರೋಗ್ರಾಂ ವಿಂಡೋಸ್‌ಗೆ ಹೇಳುವ ಚೀಟಿ) ಇಲ್ಲದ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಸುಮ್ನೆ ಆ ಫೈಲಿನ ಇನ್ನೊಂದು ಪ್ರತಿ ಮಾಡಿ, ಬಳಕೆದಾರನ ಆಪ್‌ಡೇಟಾ ಫೋಲ್ಡರಿನೊಳಗೆ, ಲೋಕಲ್ ಒಳಗೆ, ವರ್ಚುವಲ್‌ಸ್ಟೋರ್ ಅನ್ನುವ ಜಾಗದಲ್ಲಿ ಇಟ್ಟು, ಅಲ್ಲಿಂದ ಮುಂದೆ ಎಲ್ಲ ಓದು ಬರಹವನ್ನೂ ಅಲ್ಲಿಗೇ ತಿರುಗಿಸುತ್ತದೆ. ಪ್ರೋಗ್ರಾಂಗೂ ಗೊತ್ತಾಗುವುದಿಲ್ಲ, ಕಾರ್ಯದರ್ಶಿಗೂ ಗೊತ್ತಾಗುವುದಿಲ್ಲ. ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಮೂಲ ಫೈಲ್ ಮಾತ್ರ ಇನ್‌ಸ್ಟಾಲ್ ಆದ ದಿನದಲ್ಲೇ ಕೂತಿರುತ್ತದೆ. ಅಂಗಡಿ ಹುಡುಗ ಕಾಪಿ ಮಾಡಿದ್ದು ಅದನ್ನು.

ಆಪ್‌ಡೇಟಾ ಮಾಮೂಲಿಯಾಗಿ ಕಣ್ಣಿಗೆ ಬೀಳದ ಫೋಲ್ಡರು, ಹಿಡನ್. ಹಳೆ ಮೆಷಿನ್ ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ, ಬಚಾವ್. ರಿಮೋಟ್‌ನಲ್ಲಿ ಹೋಗಿ ನೋಡಿದರೆ ಫೈಲ್ ಅಲ್ಲೇ ಇತ್ತು, ಶುಕ್ರವಾರದ ತಾರೀಖು ಹೊತ್ತುಕೊಂಡು.

ಇಲ್ಲಿಗೆ ಮುಗಿಯಿತು ಅಂತ ಫೋನ್ ಇಡುವವರು ಜಾಸ್ತಿ. ವರ್ಚುವಲ್‌ಸ್ಟೋರ್ ಒಬ್ಬೊಬ್ಬ ಬಳಕೆದಾರನಿಗೂ ಬೇರೆ ಬೇರೆ ಅನ್ನುವುದು ನೆನಪಿರಬೇಕು. "ಈ ಕಂಪ್ಯೂಟರಿಗೆ ಇನ್ನೊಂದು ಲಾಗಿನ್ ಇದೆಯಾ?" ಅಂತ ಕೇಳಿದೆ. ಇತ್ತು. ಗುಮಾಸ್ತರದು. ಕಾರ್ಯದರ್ಶಿ ರಜೆಯಲ್ಲಿದ್ದಾಗ ಅವರು ತಮ್ಮ ಲಾಗಿನ್‌ನಲ್ಲಿ ಕೂತು ರಸೀದಿ ಹಾಕಿದ್ದಾರೆ, ಅದೆಲ್ಲ ಅವರ ವರ್ಚುವಲ್‌ಸ್ಟೋರಿನ ಬೇರೆ ಫೈಲಿಗೆ ಹೋಗಿದೆ. ಆಡಿಟ್‌ನಲ್ಲಿ ಪ್ರತಿ ಸಲ ಕೆಲವು ರಸೀದಿ ಕಂಪ್ಯೂಟರಿನಲ್ಲಿ ಸಿಗುತ್ತಿಲ್ಲ ಅಂತ ಆಕ್ಷೇಪಣೆ ಬರುತ್ತಿತ್ತಂತೆ. ಯಾರೋ ಡಿಲೀಟ್ ಮಾಡಿದ್ದಾರೆ ಅಂತ ಗುಮಾಸ್ತರ ಮೇಲೇ ಅನುಮಾನ ಪಟ್ಟಿದ್ದರು! ಎರಡೂ ಫೈಲ್ ತೆರೆದು, ಒಂದೊಂದೇ ರಸೀದಿ ಪುಸ್ತಕದ ಜೊತೆ ತಾಳೆ ನೋಡಿ ಸೇರಿಸಿದೆವು. ಒಂದೇ ನಂಬರಿನ ರಸೀದಿ ಎರಡು ಕಡೆ ಬೇರೆ ಬೇರೆ ಹೆಸರಿಗೆ ಇರುವ ಕಡೆ ಪ್ರೋಗ್ರಾಂ ಬರೆದು ಸೇರಿಸುವುದು ಅಪಾಯ, ಪುಸ್ತಕ ಏನು ಹೇಳುತ್ತದೋ ಅದೇ ಸರಿ.

ಹೊಸ ಆವೃತ್ತಿಯಲ್ಲಿ ಡೇಟಾ ಪ್ರೋಗ್ರಾಂಡೇಟಾ ಫೋಲ್ಡರಿನಲ್ಲಿ, ಎಲ್ಲ ಲಾಗಿನ್‌ಗೂ ಒಂದೇ ಫೈಲ್, ಬರೆಯುವ ಅನುಮತಿಯನ್ನು ಇನ್‌ಸ್ಟಾಲರ್ರೇ ಕೊಡುತ್ತದೆ. ಮ್ಯಾನಿಫೆಸ್ಟಿನಲ್ಲಿ "ಆಸ್‌ಇನ್‌ವೋಕರ್" (ಓಡಿಸಿದವರ ಅನುಮತಿಯಲ್ಲೇ ಓಡು) ಅಂತ ಬರೆದರೆ ಈ ವರ್ಚುವಲೀಕರಣ, ಅಂದರೆ ಬರಹವನ್ನು ಗುಟ್ಟಾಗಿ ಬೇರೆ ಕಡೆ ತಿರುಗಿಸುವುದು, ಬಂದ್ ಆಗುತ್ತದೆ. ಬರೆಯಲಾಗದ ಕಡೆ ಬರೆಯಲು ಹೋದರೆ ನೇರವಾಗಿ ಎರರ್ ಬರುತ್ತದೆ. ನನಗೆ ಅದೇ ಇಷ್ಟ.

ಇನ್ನೊಂದು ಪ್ರಶ್ನೆ ಬೇಗ ಮುಗಿಯಿತು. ನನ್ನ ಡೇಟಾ ವರ್ಗಾವಣೆ ಟೂಲನ್ನು ಪರಿಚಯದ ಒಬ್ಬ ಹುಡುಗ ತನ್ನ ಮೆಷಿನ್ನಿನಲ್ಲಿ ಬಿಲ್ಡ್ ಮಾಡಿ (ಕೋಡಿನಿಂದ ಪ್ರೋಗ್ರಾಂ ತಯಾರಿಸಿ) ಓಡಿಸಿದರೆ "ಪ್ರೊವೈಡರ್ ರಿಜಿಸ್ಟರ್ ಆಗಿಲ್ಲ" ಅನ್ನುವ ಎರರ್. ಆಕ್ಸೆಸ್ ಫೈಲನ್ನು ಓದಿಸುವ ಜೆಟ್ 4.0 ಪ್ರೊವೈಡರ್ 32 ಬಿಟ್‌ನಲ್ಲಿ ಮಾತ್ರ ಇದೆ. ಎನಿ ಸಿಪಿಯು ಅಂತ ಬಿಲ್ಡ್ ಮಾಡಿದರೆ 64 ಬಿಟ್ ವಿಂಡೋಸ್‌ನಲ್ಲಿ ಪ್ರೋಗ್ರಾಂ 64 ಬಿಟ್ಟಾಗಿ ಏಳುತ್ತದೆ, ಅದಕ್ಕೆ ಜೆಟ್ ಕಾಣುವುದೇ ಇಲ್ಲ. ಎಕ್ಸ್ 86, ಅಂದರೆ 32 ಬಿಟ್, ಅಂತ ಬದಲಿಸಿ, ಅಷ್ಟೇ. ಇದಕ್ಕೆ ಆಫೀಸ್ ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ.

ಮಧ್ಯಾಹ್ನದ ಮೇಲೆ ಅಕ್ಷರದ ಗಲಾಟೆ.

ಹೊಸ ಮೆಷಿನ್ನಿನಲ್ಲಿ ಹಳೆ ಪ್ರೋಗ್ರಾಂ ತೆರೆದರೆ ಸದಸ್ಯರ ಹೆಸರೆಲ್ಲ ಚಿತ್ರವಿಚಿತ್ರ. ನುಡಿ ಫಾಂಟ್ ಹಾಕಿದ್ದರೂ ಹಾಗೇ. ಸೆಟ್ಟಿಂಗ್ ನೋಡಿದರೆ ರೀಜನ್ ಒಳಗಿನ "ಯುಟಿಎಫ್ 8 ಬಳಸು" ಅನ್ನುವ ಬೀಟಾ ಆಯ್ಕೆಗೆ ಯಾರೋ ಟಿಕ್ ಹಾಕಿದ್ದಾರೆ. ಕನ್ನಡ ಸರಿಯಾಗಿ ಬರಲಿ ಅಂತಲೇ ಹಾಕಿರಬೇಕು. ಯೂನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಕೋಡು ಕೊಡುವ ವ್ಯವಸ್ಥೆ, ಯುಟಿಎಫ್ 8 ಅದನ್ನು ಬೈಟುಗಳಾಗಿ ಬರೆಯುವ ರೀತಿ. ಆದರೆ ನುಡಿಯ ಹಳೆ ಪಠ್ಯ ಯೂನಿಕೋಡ್ ಅಲ್ಲ. ಅದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಕೋಡುಗಳಿಗೆ ಕನ್ನಡದ ಚೂರುಗಳನ್ನು ಅಂಟಿಸಿದ ವ್ಯವಸ್ಥೆ. ವಿಬಿ 6ರ ಟೆಕ್ಸ್ಟ್‌ಬಾಕ್ಸ್ ಸಿಸ್ಟಂನ ಕೋಡ್‌ಪೇಜ್ (ಯಾವ ಬೈಟು ಯಾವ ಅಕ್ಷರ ಅನ್ನುವ ಪಟ್ಟಿ) 1252 ಅಂತ ನಂಬಿಕೊಂಡು ಕೂತಿದೆ, ಆ ಟಿಕ್ ಹಾಕಿದರೆ ಕೋಡ್‌ಪೇಜೇ ಬೇರೆ ಆಗಿ, 127ರ ಮೇಲಿನ ಬೈಟುಗಳೆಲ್ಲ ಕೆಡುತ್ತವೆ. ಟಿಕ್ ತೆಗೆದು ರೀಸ್ಟಾರ್ಟ್ ಮಾಡಿಸಿದೆ, ಸರಿಹೋಯಿತು.

ನುಡಿ, ಬರಹ ತಂತ್ರಾಂಶಗಳ ಕಾಲದ ಈ ವ್ಯವಸ್ಥೆಯನ್ನು ಈಗ ಬೈಯುವವರು ಬಹಳ. ನಾನು ಬೈಯುವುದಿಲ್ಲ. ವಿಂಡೋಸ್ ಜೊತೆ ಕನ್ನಡ ಬಂದದ್ದೇ ಎಕ್ಸ್‌ಪಿಯಲ್ಲಿ, 2001ಕ್ಕೆ, ತುಂಗಾ ಫಾಂಟಿನ ಜೊತೆ. ಅದಕ್ಕೆ ಮುಂಚೆ ಪಂಚಾಯ್ತಿಯಲ್ಲಿ, ಸೊಸೈಟಿಯಲ್ಲಿ ಕನ್ನಡ ಪ್ರಿಂಟ್ ಆಗಬೇಕಿದ್ದರೆ ಬೇರೆ ದಾರಿ ಏನಿತ್ತು? ತೊಂದರೆ ಇರುವುದು ಈಗ ಅದನ್ನು ಯೂನಿಕೋಡ್‌ಗೆ ತರುವಾಗ.

ಒಂದಕ್ಕೊಂದು ಕೋಡ್ ಬದಲಿಸಿದರೆ ಸಾಕು ಅಂತ ಶುರು ಮಾಡುವವರು ಅರ್ಕಾವತ್ತಿನಲ್ಲಿ ಸಿಕ್ಕಿಕೊಳ್ಳುತ್ತಾರೆ. "ಧರ್ಮಪ್ಪ" ಅನ್ನುವ ಹೆಸರಿನಲ್ಲಿ ನುಡಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ, ಮೊದಲು ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ, ಮೊದಲು ರ್, ಆಮೇಲೆ ಮ. ಹಿಂದೆ ಹೋಗಿ ಇಡೀ ಅಕ್ಷರದ ಮುಂದೆ ರ್ ಸೇರಿಸಬೇಕು. "ಅಕ್ಕಿ"ಯಲ್ಲಿ ಇನ್ನೊಂದು ಥರ, ನುಡಿಯಲ್ಲಿ ಕಿ ಮೊದಲು, ಒತ್ತು ಆಮೇಲೆ. ಯೂನಿಕೋಡ್‌ನಲ್ಲಿ ಗುಡಿಸು ಕೊನೆಗೆ ಬರಬೇಕು. ಇದೆಲ್ಲ ಕಷ್ಟವಲ್ಲ, ನಿಯಮ ಇದೆ, ಬರೆಯಬಹುದು.

ನಿಯಮ ಇಲ್ಲದಿರುವುದು ಷರಾ ಕಾಲಂನಲ್ಲಿ. ಅಲ್ಲಿ ಕನ್ನಡದ ಮಧ್ಯೆ ಇಂಗ್ಲಿಷ್ ಇದೆ, ಚೆಕ್ ನಂಬರು, ಪ್ಯಾನ್ ನಂಬರು, ಬ್ಯಾಂಕಿನ ಕೋಡು. ನುಡಿಯಲ್ಲಿ ಇಂಗ್ಲಿಷಿನ ಪಿ ಅಕ್ಷರದ ಕೋಡೇ ತಲೆಕಟ್ಟು ಇಲ್ಲದ ಕ. ಹಾಗಾಗಿ ಪ್ಯಾನ್ ನಂಬರನ್ನು ಪರಿವರ್ತಕಕ್ಕೆ ಕೊಟ್ಟರೆ ಅದು ಶ್ರದ್ಧೆಯಿಂದ ಕನ್ನಡ ಮಾಡಿ ಕೊಡುತ್ತದೆ. ಬೈಟು ನೋಡಿ ಯಾವುದು ಇಂಗ್ಲಿಷು ಯಾವುದು ಕನ್ನಡ ಅಂತ ಖಚಿತವಾಗಿ ಹೇಳಲು ಸಾಧ್ಯವೇ ಇಲ್ಲ. ಫಾಂಟ್ ಯಾವುದು ಅನ್ನುವುದು ಡೇಟಾಬೇಸಿನಲ್ಲಿ ಇರುವುದಿಲ್ಲ, ಸ್ಕ್ರೀನಿನಲ್ಲಿ ಇತ್ತು, ಅಷ್ಟೇ. ಅದಕ್ಕೆ ನಾನು ಹಳೆ ಪಠ್ಯದ ಕಾಲಂ ಹಾಗೇ ಇಟ್ಟು ಪಕ್ಕದಲ್ಲಿ ಯೂನಿಕೋಡ್ ಕಾಲಂ ಸೇರಿಸಿದ್ದೇನೆ. ಹೊಸ ಕಾಲಂನಲ್ಲಿ ಅಸಾಧ್ಯವಾದ ಜೋಡಣೆ ಬಂದ ಸಾಲುಗಳನ್ನು, ಅಂದರೆ ವ್ಯಂಜನ ಇಲ್ಲದೆ ಕೊಂಬು, ಸ್ವರದ ಮೇಲೆ ಒತ್ತು, ಇಂಥವನ್ನು ಬೇರೆ ಪಟ್ಟಿ ಮಾಡಿ ಗುಮಾಸ್ತರ ಕೈಗೆ ಕೊಡುತ್ತೇನೆ. ಡಿಸ್ಕ್ ಜಾಗ ಉಳಿಸಲು ಹಳೆ ಕಾಲಂ ಅಳಿಸಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಒಂದು ಊರಿನ ಸದಸ್ಯರ ಹೆಸರು ಎಷ್ಟು ಜಾಗ ತಿನ್ನುತ್ತದೆ?

ಕೆಟ್ಟ ಅಕ್ಷರ ಕಂಡಾಗ ಯಾವ ರೋಗ ಅಂತ ಗುರುತಿಸುವುದಕ್ಕೆ ಒಂದು ಸುಲಭ ಉಪಾಯ ಇದೆ. ಇಂಗ್ಲಿಷಿನ ಸಣ್ಣ ಎ, ಅದರ ತಲೆ ಮೇಲೆ ಗೀಟು, ಪಕ್ಕದಲ್ಲಿ ಪುಟಾಣಿ 2 ಅಥವಾ 3, ಇದೇ ಮತ್ತೆ ಮತ್ತೆ ಬಂದರೆ ಅದು ಒಳ್ಳೆ ಯೂನಿಕೋಡ್ ಕನ್ನಡವೇ. ಕನ್ನಡದ ಪ್ರತಿ ಕೋಡೂ ಯುಟಿಎಫ್ 8ರಲ್ಲಿ ಮೂರು ಬೈಟು, ಮೊದಲೆರಡು ಹೆಚ್ಚುಕಡಿಮೆ ಒಂದೇ. ಅದನ್ನು ಯಾರೋ 1252 ಅಂತ ಓದಿದ್ದಾರೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಹೀಗಾಗುವುದು ಮಾಮೂಲು, ಫೈಲಿನ ಮೊದಲಿಗೆ ಬಾಮ್ (ಇದು ಯೂನಿಕೋಡ್ ಫೈಲು ಅಂತ ಹೇಳುವ ಗುರುತು) ಸೇರಿಸಿ ಬರೆದರೆ ಸರಿಯಾಗುತ್ತದೆ. ಹಾಗಲ್ಲದೆ ದಪ್ಪಕ್ಷರ ಸಣ್ಣಕ್ಷರ ಗೀಟುಗಳೆಲ್ಲ ಕಲಸಿಕೊಂಡು, ಮಧ್ಯೆ ಪೌಂಡ್ ಗುರುತೂ ಕಂಡರೆ ಅದು ನುಡಿ. ಪೌಂಡ್ ಗುರುತು ಅಲ್ಲಿ ನ.

ಹೆಸರು ಕತ್ತರಿಸುವ ವಿಷಯ. ರಸೀದಿಯ ಕಾಗದ ಅಗಲ ಕಡಿಮೆ, ಹಳೆ ಕೋಡು ಹೆಸರನ್ನು 15ಕ್ಕೆ ಕತ್ತರಿಸುತ್ತಿತ್ತು. ಅದನ್ನೇ ಯೂನಿಕೋಡ್‌ಗೂ ಹಾಕಿದರೆ ಲಕ್ಷ್ಮೀನಾರಾಯಣಸ್ವಾಮಿ ಅನ್ನುವವರು "ಲಕ್ಷ್ಮೀನಾರಾಯಣಸ್" ಆಗುತ್ತಾರೆ. ನಮ್ಮ ಕಣ್ಣಿಗೆ ಆ ಹೆಸರಿನಲ್ಲಿ 8 ಅಕ್ಷರ. ಪ್ರೋಗ್ರಾಂನಲ್ಲಿ ಸ್ಟ್ರಿಂಗಿನ (ಪಠ್ಯದ) ಲೆಂತ್ ಕೇಳಿದರೆ, ಅಂದರೆ ಕೋಡುಗಳನ್ನು ಎಣಿಸಿದರೆ, 19. ಸಿ ಶಾರ್ಪ್ ಪ್ರೋಗ್ರಾಂಗಳನ್ನು ಓಡಿಸುವ ಡಾಟ್‌ನೆಟ್ 5ರ ನಂತರದ ಸ್ಟ್ರಿಂಗ್‌ಇನ್ಫೋ ಕೇಳಿದರೆ 11, ಯಾಕೆಂದರೆ ಅದು ಕ್, ಷ್, ಮೀ ಇವನ್ನು ಮೂರಾಗಿ ಎಣಿಸುತ್ತದೆ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಂದೇ ಗುಂಪಾಗಿ ಹಿಡಿಯುವ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ ಇದ್ದವು, ಪಕ್ಕದ ತೆಲುಗೂ ಇತ್ತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ! ಒತ್ತಿನ ವಿಷಯದಲ್ಲಿ ತೆಲುಗಿಗೂ ನಮಗೂ ಎಷ್ಟು ವ್ಯತ್ಯಾಸ ಇದೆ ಹೇಳಿ. ಇರಲಿ, ನಾವೇ ಬರೆದುಕೊಂಡರಾಯಿತು. ಒಂದು ಗುಂಪು ವಿರಾಮದಲ್ಲಿ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ಮುಗಿದು ಮುಂದಿನದು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸು. ರಾಜ್‌ಕುಮಾರ್ ಅಂಥ ಹೆಸರಿನಲ್ಲಿ ಮಧ್ಯೆ ಜಡ್‌ಡಬ್ಲ್ಯೂಎನ್‌ಜೆ ಅನ್ನುವ, ಒತ್ತು ಆಗದಂತೆ ತಡೆಯುವ ಕಾಣದ ಅಕ್ಷರ ಇರುತ್ತದೆ, ಅಲ್ಲಿ ಗುಂಪು ವಿರಾಮದಲ್ಲಿ ಮುಗಿಯುವುದಿಲ್ಲ, ಹಾಗಾಗಿ ತಾನಾಗೇ ಬೇರೆ ಉಳಿಯುತ್ತದೆ.

ಅದೇ ಕಾಣದ ಅಕ್ಷರ ಹುಡುಕಾಟದಲ್ಲಿ ಕೈ ಕೊಡುತ್ತದೆ. ಒಬ್ಬರು ರಾಜ್‌ಕುಮಾರ್ ಅಂತ, ಇನ್ನೊಬ್ಬರು ರಾಜ್ಕುಮಾರ್ ಅಂತ ಟೈಪ್ ಮಾಡಿದರೆ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಅವು ಬೇರೆ ಬೇರೆ ಹೆಸರು, ಅದು ಬೈಟು ನೋಡುತ್ತದೆ ಅಷ್ಟೇ. ಒಬ್ಬನೇ ಸದಸ್ಯನಿಗೆ ಎರಡು ಖಾತೆ ಹೀಗೇ ಹುಟ್ಟುತ್ತವೆ. ಹುಡುಕುವುದಕ್ಕೆಂದೇ ಇನ್ನೊಂದು ಕಾಲಂ ಇಟ್ಟು, ಎನ್‌ಎಫ್‌ಸಿಗೆ (ಒಂದೇ ಅಕ್ಷರವನ್ನು ಯಾವಾಗಲೂ ಒಂದೇ ಥರ ಬರೆಯುವ ಯೂನಿಕೋಡ್ ರೂಪ) ತಂದು, ಈ ಕಾಣದವನ್ನು ತೆಗೆದು ಇಡುತ್ತೇನೆ. ತೋರಿಸುವ ಹೆಸರಿನಿಂದ ಮಾತ್ರ ತೆಗೆಯಬಾರದು, ತೆಗೆದರೆ ರಾಜ್‌ಕುಮಾರ್ ಅವರ ಜ್ ಕೆಳಗೆ ಕ ಒತ್ತು ಬಂದು ಕೂರುತ್ತದೆ.

ಮೊತ್ತದ ಬಾಕ್ಸಿನಲ್ಲಿ ಕನ್ನಡ ಅಂಕಿ ಹೊಡೆದರೆ ಪ್ರೋಗ್ರಾಂ ಕ್ರ್ಯಾಶ್ ಅಂತ ನನ್ನ ಟೂಲ್ ಓಡಿಸಿದ ಆ ಪರಿಚಯದ ಹುಡುಗ ಕೇಳಿದ್ದ. ೫ ಅಂಕಿ ಹೌದಾ ಅಂತ ಡಾಟ್‌ನೆಟ್‌ನ ಈಸ್‌ಡಿಜಿಟ್‌ಗೆ ಕೇಳಿದರೆ ಹೌದು ಅನ್ನುತ್ತದೆ. ಪಠ್ಯವನ್ನು ಸಂಖ್ಯೆ ಮಾಡುವ ಇಂಟ್ ಪಾರ್ಸ್‌ಗೆ ಕೊಟ್ಟರೆ ಎಕ್ಸೆಪ್ಷನ್ (ಎರರ್) ಎಸೆಯುತ್ತದೆ. ಮೊದಲು ಗೆಟ್‌ನ್ಯೂಮರಿಕ್‌ವ್ಯಾಲ್ಯೂ ಬಳಸಿ 0ಯಿಂದ 9ಕ್ಕೆ ತಂದುಕೊಂಡು ಆಮೇಲೆ ಪಾರ್ಸ್ ಮಾಡು ಅಂದೆ.

ಫಾಂಟ್ ಯಾವುದಿಡಬೇಕು ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ವಿಂಡೋಸ್ 7ರಲ್ಲಿ ತುಂಗಾ ಇದೆ, ನಿರ್ಮಲಾ ಇಲ್ಲ. ನಿರ್ಮಲಾ ಬಂದದ್ದು ವಿಂಡೋಸ್ 8ಕ್ಕೆ. 10ರಿಂದ ಈಚೆಗೆ ತುಂಗಾ ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕು. ನನ್ನ ಗಿರಾಕಿಗಳಲ್ಲಿ ಎರಡೂ ಥರದವರಿದ್ದಾರೆ, ಹಾಗಾಗಿ ನೋಟೋ ಸಾನ್ಸ್ ಕನ್ನಡವನ್ನು ಜೊತೆಗೇ ಕಳಿಸುತ್ತೇನೆ, ಅದರ ಲೈಸೆನ್ಸ್ ಅದಕ್ಕೆ ಬಿಡುತ್ತದೆ. ವಿಂಡೋಸ್‌ನಲ್ಲಿ ಅಕ್ಷರ ಬಿಡಿಸಲು ಜಿಡಿಐ, ಜಿಡಿಐ ಪ್ಲಸ್ ಅಂತ ಎರಡು ವ್ಯವಸ್ಥೆ. ಮೆಮೊರಿಯಿಂದ ಎತ್ತಿಕೊಂಡ ಫಾಂಟ್ ಜಿಡಿಐ ಪ್ಲಸ್‌ಗೆ ಮಾತ್ರ ಕಾಣುತ್ತದೆ, ಮಾಮೂಲಿ ಲೇಬಲ್ ಬರೆಯುವುದು ಜಿಡಿಐನಲ್ಲಿ, ಅದಕ್ಕೆ ಇನ್‌ಸ್ಟಾಲರ್‌ನಲ್ಲೇ ಫಾಂಟ್ ಹಾಕಿಸುವುದು ನೆಮ್ಮದಿ. ಗ್ರಿಡ್ಡಿನ ಸಾಲಿನ ಎತ್ತರ ಪರೀಕ್ಷಿಸಲು "ಕನ್ನಡ" ಅಂತ ಹೊಡೆದು ನೋಡಬೇಡಿ, "ಸ್ವಾತಂತ್ರ್ಯ" ಅಂತ ಹೊಡೆಯಿರಿ, ಕೆಳಗಿನ ಒತ್ತು ಕತ್ತರಿಸಿಹೋಗುವುದು ಅಲ್ಲೇ ಗೊತ್ತಾಗುತ್ತದೆ. ಅದೂ 125 ಪರ್ಸೆಂಟ್ ಸ್ಕೇಲಿಂಗ್‌ನಲ್ಲಿ, ಲ್ಯಾಪ್‌ಟಾಪುಗಳಲ್ಲಿ ಅದು ಜಾಸ್ತಿ.

ಸೋಮವಾರಕ್ಕೆ ಉಳಿದದ್ದು ಪ್ರಿಂಟರ್. 80 ಮಿಲಿಮೀಟರ್ ಥರ್ಮಲ್‌ಗೆ ರಸೀದಿಯನ್ನು 576 ಚುಕ್ಕೆ ಅಗಲದ ಚಿತ್ರ ಮಾಡಿ ಕಳಿಸಿದರೆ ಕನ್ನಡ ಚೆನ್ನಾಗಿ ಬರುತ್ತಿದೆ. ಪಾಸ್‌ಬುಕ್ ಪ್ರಿಂಟರಿನಲ್ಲಿ ಚಿತ್ರ ಕಳಿಸಿದರೆ ಒಂದು ಪುಟಕ್ಕೆ ಕಾಯುವುದೇ ಆಗುತ್ತದೆ, ಕೌಂಟರ್ ಮುಂದೆ ಜನ ನಿಂತಿರುತ್ತಾರೆ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಯೂನಿಕೋಡ್ ಕನ್ನಡವನ್ನು ಬೇಗ ಪ್ರಿಂಟ್ ಮಾಡಿಸಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಅಂತ ಕೆಳಗೆ ಬರೆಯಿರಿ. ಹೆಸರಿನ ಸಾಲು ಮಾತ್ರ ಚಿತ್ರ, ಅಂಕಿಗಳೆಲ್ಲ ಪ್ರಿಂಟರಿನದೇ ಅಕ್ಷರ, ಹೀಗೆ ಬೆರೆಸಿ ನೋಡೋಣ ಅಂತ ಸದ್ಯಕ್ಕೆ ಅಂದುಕೊಂಡಿದ್ದೇನೆ.