ಎರಡು ಮನೆಯ ಗಂಡುಕೂಸುಗಳು

2023 ಜುಲೈ 16, ಭಾನುವಾರ
ತೀರ್ಥಹಳ್ಳಿ

ಬೆಳಗಿನಿಂದ ಮಳೆ ಹಿಡಿದೇ ಇದೆ. ಬಚ್ಚಲೊಲೆಗೆ ಹಾಕಿದ ಸೌದೆ ಹಸಿಯಾಗಿದ್ದರಿಂದ ಹಂಡೆಯ ನೀರು ಕಾಯುವಷ್ಟರಲ್ಲಿ ಒಂಬತ್ತು ಗಂಟೆಯಾಯಿತು. ಮೂರು ತಿಂಗಳ ಮೊಮ್ಮಗನನ್ನು ಮೀಯಿಸಲು ಬರುವ ಅಜ್ಜಿ ಎಂದಿನಂತೆ ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲಿನ ಕೆಳಗೆ ಮಲಗಿಸಿಕೊಂಡು, ಮೈಗೆಲ್ಲ ಎಣ್ಣೆ ತಿಕ್ಕಿದರು. ಕೊನೆಗೆ ಶಿಶ್ನದ ತುದಿಗೆ ಎರಡು ಹನಿ ಎಣ್ಣೆ ಬಿಟ್ಟು, ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಹಿಂದಕ್ಕೆ ಎಳೆಯಲು ಹೊರಟಾಗ ನಾನು ಅವರ ಕೈ ಹಿಡಿದುಕೊಂಡೆ. "ದಿನಾ ಸ್ವಲ್ಪ ಸ್ವಲ್ಪ ಬಿಡಿಸದಿದ್ದರೆ ಮುಂದೆ ಕೂಸಿಗೆ ಉಚ್ಚೆ ಹೊಯ್ಯಲಿಕ್ಕೆ ಕಷ್ಟ ಆಗ್ತದೆ ಅಮ್ಮಾ" ಎಂದರು. ಈ ಬೀದಿಯ ಎಷ್ಟೋ ಮಕ್ಕಳು ಅವರ ಕಾಲ ಮೇಲೆಯೇ ಬೆಳೆದಿದ್ದಾರೆ. ಅವರ ಕೈಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಈ ಒಂದು ರೂಢಿಯನ್ನು ಮಾತ್ರ ಬಿಡಲೇಬೇಕೆಂದು ಅವರಿಗೆ ಕೈಮುಗಿದು ಹೇಳಿದೆ.

ಹಾಗೆ ಹೇಳುವಾಗ ನನ್ನ ಮನಸ್ಸು 1989ಕ್ಕೆ ಹೋಗಿತ್ತು. ಆಗ ನಾನು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮನೆಯ ಹಿರಿಯರ ಮಾತನ್ನು ಮೀರಲಾರದೆ, ನನ್ನ ಆರು ತಿಂಗಳ ಮಗನ ಮುಂದೊಗಲನ್ನು ನನ್ನ ಕೈಯಿಂದಲೇ ಬಲವಾಗಿ ಎಳೆದೆ. ಚರ್ಮ ಸಣ್ಣಗೆ ಸೀಳಿ ರಕ್ತ ಬಂತು. ಮುಂದಿನ ನಾಲ್ಕು ದಿನ ಅವನು ಮೂತ್ರ ಮಾಡುವ ಹೊತ್ತಿಗೆಲ್ಲ ಕಾಲು ಸೆಟೆದು ಕಿರುಚಿ ಅಳುತ್ತಿದ್ದ. ಸೀಳಿದ ಜಾಗ ಮಾಯುವಾಗ ಕಲೆಗಟ್ಟಿ ಬಿಗಿಯಾಯಿತು, ಆರನೆಯ ವಯಸ್ಸಿನಲ್ಲಿ ಅವನಿಗೆ ಸುನ್ನತಿಯ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಆ ಶಸ್ತ್ರಚಿಕಿತ್ಸೆಗೆ ಕಾರಣ ನನ್ನ ಕೈ ಎಂಬುದನ್ನು ನಾನು ಮರೆತಿಲ್ಲ. ಈ ದಿನಚರಿಯನ್ನು ಎಲ್ಲರೂ ಓದುವ ಕಡೆ ಹಾಕುತ್ತಿರುವುದೂ ಅದಕ್ಕಾಗಿಯೇ.

ಹುಟ್ಟಿದ ಗಂಡುಮಗುವಿನಲ್ಲಿ ಮುಂದೊಗಲು ಒಳಗಿನ ಶಿಶ್ನಮಣಿಗೆ ಅಂಟಿಕೊಂಡಿರುತ್ತದೆ. ಉಗುರು ತನ್ನ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುವಂತೆ ಇದೂ ಸಹಜವೇ ಹೊರತು ರೋಗವಲ್ಲ. ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹುಟ್ಟಿದಾಗ ಪೂರ್ತಿಯಾಗಿ ಹಿಂದೆ ಸರಿಯುವ ಮುಂದೊಗಲು ಇರುವುದು ಶೇಕಡಾ 4ರಷ್ಟು ಮಕ್ಕಳಲ್ಲಿ ಮಾತ್ರ. ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಬರೆದದ್ದು ಇನ್ನೂ ಸಮಾಧಾನ ಕೊಡುವ ಸಂಗತಿ: ಆರೇಳು ವರ್ಷದಲ್ಲಿ ಶೇಕಡಾ 8ರಷ್ಟು ಹುಡುಗರಲ್ಲಿ ಬಿಗಿ ಉಳಿದಿದ್ದರೆ, ಹದಿನಾರು ಹದಿನೇಳಕ್ಕೆ ಅದು ಶೇಕಡಾ 1ಕ್ಕೆ ಇಳಿದಿತ್ತು. ಯಾರೂ ಎಳೆಯದಿದ್ದರೂ ಅದು ತಾನಾಗಿ ಬಿಡುತ್ತದೆ. ಕೂಸಿಗೆ ಹೊರಗಿನಿಂದ ಬೆಚ್ಚನೆಯ ನೀರು ಹಾಕಿ ತೊಳೆದರೆ ಸಾಕು. ಮಗ ದೊಡ್ಡವನಾಗಿ, ಚರ್ಮ ತಾನಾಗಿ ಸರಿಯುವ ಕಾಲಕ್ಕೆ, ಸರಿಸಿ ತೊಳೆದು ಮತ್ತೆ ಮುಂದಕ್ಕೆ ತಂದುಕೊಳ್ಳುವುದನ್ನು ಅವನಿಗೇ ಕಲಿಸಬೇಕು. ಹಿಂದೆ ಸರಿಸಿದ ಚರ್ಮ ಮುಂದಕ್ಕೆ ಬಾರದೆ ಸಿಕ್ಕಿಕೊಂಡು ತುದಿ ಊದಿಕೊಂಡರೆ ಅದು ತುರ್ತು ಪರಿಸ್ಥಿತಿ. ಅಂಥ ಮಗುವನ್ನು ನಾಳೆ ನೋಡೋಣವೆಂದು ಮನೆಯಲ್ಲಿಟ್ಟುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಳೆದ ವಾರ ಅಳಿಯ ಫೋನ್ ಮಾಡಿ ಗಾಬರಿಯಿಂದ ಮಾತನಾಡಿದ್ದ. ಅವರ ಊರಿನ ಒಂದು ಕ್ಲಿನಿಕ್ಕಿನಲ್ಲಿ ಮಗುವನ್ನು ನೋಡಿ, ಚೀಟಿಯಲ್ಲಿ ಫೈಮೋಸಿಸ್ (ಮುಂದೊಗಲು ಹಿಂದೆ ಸರಿಯದಷ್ಟು ಬಿಗಿ) ಎಂದು ಬರೆದು, ಬೇಗ ಆಪರೇಷನ್ ಮಾಡಿಸಿಬಿಡಿ ಎಂದು ಹೇಳಿದ್ದರಂತೆ. ಮೂತ್ರ ಮಾಡುವಾಗ ಕೂಸಿನ ಮುಂದೊಗಲು ಬಲೂನಿನಂತೆ ಸ್ವಲ್ಪ ಉಬ್ಬುತ್ತಿತ್ತು, ಅಷ್ಟೇ. ಧಾರೆ ಚೆನ್ನಾಗಿದ್ದು, ಮಗು ತಿಣುಕದೆ, ಜ್ವರ ಬಾರದೆ ಇದ್ದರೆ ಆ ಉಬ್ಬಿನಿಂದ ಏನೂ ತೊಂದರೆಯಿಲ್ಲ. ಚರ್ಮದಡಿ ಕಾಣುವ ಬಿಳಿಯ ಸಣ್ಣ ಗಂಟುಗಳೂ ಕೀವಲ್ಲ, ಉದುರಿದ ಜೀವಕೋಶಗಳು ಕೂಡಿಕೊಂಡವು. ಶುಕ್ರವಾರ ಮಗಳನ್ನೂ ಕೂಸನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಮಕ್ಕಳ ವೈದ್ಯರಿಗೆ ತೋರಿಸಿದೆ. ಅವರೂ ಇದನ್ನೇ ಹೇಳಿ, ಔಷಧಿಯ ಚೀಟಿಯನ್ನೂ ಬರೆಯದೆ ಕಳಿಸಿದರು. ಬರುವಾಗ ಗಾಜನೂರು ದಾಟುವವರೆಗೂ ಮಗಳು ಮಾತಾಡಲಿಲ್ಲ. ಮಂಡಗದ್ದೆಯ ಹತ್ತಿರ "ಅಮ್ಮ, ನಾನು ಸುಮ್ಮನೆ ಕೊಯ್ಯಿಸಿಬಿಡುತ್ತಿದ್ದೆನಲ್ಲ" ಎಂದು ಕಣ್ಣೊರೆಸಿಕೊಂಡಳು.

ನಿಜವಾಗಿ ಶಸ್ತ್ರಚಿಕಿತ್ಸೆ ಬೇಕಾಗುವ ಮಕ್ಕಳೂ ಇದ್ದಾರೆ. ತುದಿಯಲ್ಲಿ ಬಿಳಿಚಿಕೊಂಡ ಗಟ್ಟಿ ಉಂಗುರದಂತೆ ಕಲೆ ಕಟ್ಟಿದ್ದರೆ, ಪದೇಪದೇ ಸೋಂಕಾಗಿ ಕೆಂಪಗೆ ಊದಿಕೊಳ್ಳುತ್ತಿದ್ದರೆ, ಮೂತ್ರ ಹನಿಹನಿಯಾಗಿ ಮಾತ್ರ ಬರುತ್ತಿದ್ದರೆ, ಹುಟ್ಟಿನಿಂದ ಮೂತ್ರಪಿಂಡದ ತೊಂದರೆಯಿದ್ದು ಮೂತ್ರದ ಸೋಂಕು ಮರಳಿ ಮರಳಿ ಬರುತ್ತಿದ್ದರೆ ವೈದ್ಯರು ಸುನ್ನತಿಯ ಮಾತೆತ್ತುವುದು ಸರಿಯೇ. ಸಾಮಾನ್ಯ ಬಿಗಿಗೆ ಅದಕ್ಕೂ ಮೊದಲು ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಸಲಹೆಯಂತೆ ಕೆಲವು ವಾರ ಹಚ್ಚಿ ನೋಡುವುದುಂಟು. ಹೆಚ್ಚಿನ ಹುಡುಗರಿಗೆ ಅಷ್ಟರಲ್ಲೇ ಗುಣವಾಗುತ್ತದೆ. ನನ್ನ ಮಗನ ಕಾಲಕ್ಕೆ ಈ ಮುಲಾಮಿನ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆಯ ಅತ್ತೆ ಸೊಸೆ ಇಬ್ಬರೂ ಕೊಡೆ ಹಿಡಿದು ಬಂದರು. ಅವರ ಮನೆಯ ಗಂಡುಕೂಸಿಗೆ ಇಂದಿಗೆ ಇಪ್ಪತ್ತು ದಿನ. ಬರುವ ಶುಕ್ರವಾರ ಮುಂಜಿ ಮಾಡಿಸುವ ಯೋಚನೆ ಅವರದು. ನಮ್ಮ ಕಡೆ ಬ್ರಾಹ್ಮಣರ ಉಪನಯನಕ್ಕೂ ಮುಸಲ್ಮಾನರ ಸುನ್ನತಿಗೂ ಮುಂಜಿ ಎಂಬ ಒಂದೇ ಮಾತು ನಡೆಯುತ್ತದೆ. ಹಿಂದೆಲ್ಲ ಹುಡುಗನಿಗೆ ಐದಾರು ವರ್ಷವಾದ ಮೇಲೆ ಹೊಸ ಬಟ್ಟೆ ತೊಡಿಸಿ, ನೆಂಟರನ್ನು ಕರೆದು, ಮನೆಯಲ್ಲೇ ಮಾಡಿಸುತ್ತಿದ್ದರು. ಈಗ ಹಸುಗೂಸಿಗೇ ಆಸ್ಪತ್ರೆಯಲ್ಲಿ ಮಾಡಿಸುವವರು ಹೆಚ್ಚುತ್ತಿದ್ದಾರೆ. "ಸಿಸ್ಟರಮ್ಮ, ಮಾಡಿಸೋದು ನಮ್ಮ ಧರ್ಮ. ಹೇಗೆ ಮಾಡಿಸಬೇಕು ಅನ್ನೋದನ್ನು ನೀವು ಹೇಳಿ" ಎಂದು ಅತ್ತೆ ಕೇಳಿದರು. ಮಾಡಿಸಬೇಕೇ ಬೇಡವೇ ಎಂಬುದು ಅವರ ನಂಬಿಕೆಗೆ ಬಿಟ್ಟದ್ದು, ಅಲ್ಲಿ ನಾನು ಬಾಯಿ ಹಾಕುವುದಿಲ್ಲ. ಹೇಗೆ ಎಂಬುದಕ್ಕೆ ಮಾತ್ರ ಮುಚ್ಚುಮರೆಯಿಲ್ಲದೆ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದೆ.

ಸೊಸೆ ಓದಿಕೊಂಡವಳು. ಇದರಿಂದ ರೋಗಗಳು ಬರುವುದಿಲ್ಲವಂತೆ, ನಿಜವೇ ಎಂದು ಕೇಳಿದಳು. ಸ್ವಲ್ಪ ನಿಜವಿದೆ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ವಯಸ್ಕ ಗಂಡಸರ ಮೇಲೆ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವುದು ಸುಮಾರು ಶೇಕಡಾ 60ರಷ್ಟು ಕಡಿಮೆಯಾದದ್ದು ಕಂಡುಬಂತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದ್ದು ಆ ಸೋಂಕು ತೀರಾ ಹೆಚ್ಚಾಗಿದ್ದ ನಾಡುಗಳಿಗೆ. ಮೊದಲ ವರ್ಷದಲ್ಲಿ ಮೂತ್ರದ ಸೋಂಕೂ ಕಡಿಮೆಯಾಗುತ್ತದೆ. ಆದರೆ ಆ ಸೋಂಕು ಗಂಡುಶಿಶುಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಕಾಣುವಂಥದ್ದು, ಒಂದನ್ನು ತಡೆಯಲು ನೂರಕ್ಕೂ ಮಿಕ್ಕಿ ಮಕ್ಕಳಿಗೆ ಸುನ್ನತಿ ಮಾಡಬೇಕಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಲಾಭ ಅಪಾಯಕ್ಕಿಂತ ಹೆಚ್ಚೆಂದು ಹೇಳಿತು. ಆದರೂ ಎಲ್ಲ ಶಿಶುಗಳಿಗೂ ಮಾಡಿಸಿರೆಂದು ಹೇಳುವಷ್ಟು ಆ ಲಾಭ ದೊಡ್ಡದಲ್ಲವೆಂದು ಅದೇ ಹೇಳಿಕೆಯಲ್ಲಿ ಸೇರಿಸಿತು. ಹಾಗಾಗಿ ಧರ್ಮಕ್ಕಾಗಿ ಮಾಡಿಸುವವರು ಧರ್ಮಕ್ಕಾಗಿಯೇ ಮಾಡಿಸಲಿ. ಮಾಡಿಸದ ಮನೆಯವರು ತಮ್ಮ ಮಗುವಿಗೆ ಏನೋ ತಪ್ಪಿಸಿದೆವೆಂದು ಕೊರಗಬೇಕಾಗಿಲ್ಲ.

ನೋವಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಹಸುಗೂಸಿಗೆ ನೋವು ತಿಳಿಯುವುದಿಲ್ಲ ಎಂದು ನಮಗೆ ಪಾಠ ಹೇಳಿದ ಕಾಲವೊಂದಿತ್ತು. ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಅವರ ಸಹಲೇಖಕರು 1987ರಲ್ಲಿ ಆ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸಿಕೊಟ್ಟರು. ಹತ್ತು ವರ್ಷಗಳ ನಂತರ ಕೆನಡಾದಲ್ಲಿ ನಡೆದ ಅಧ್ಯಯನದಲ್ಲಿ, ಅರಿವಳಿಕೆಯಿಲ್ಲದೆ ಸುನ್ನತಿಯಾದ ಶಿಶುಗಳು ನಾಲ್ಕಾರು ತಿಂಗಳಾದ ಮೇಲೂ ಲಸಿಕೆಯ ಸೂಜಿಗೆ ಉಳಿದ ಮಕ್ಕಳಿಗಿಂತ ಹೆಚ್ಚು ಅಳುತ್ತಿದ್ದುದು ಕಂಡಿತು. ಆದ್ದರಿಂದ ಬುಡದ ನರಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಡುತ್ತೀರಾ ಎಂದು ಮೊದಲೇ ಕೇಳಿ, ಇಲ್ಲವೆಂದರೆ ಎದ್ದು ಬನ್ನಿ ಎಂದೆ. ಬಾಯಿಗೆ ಸಕ್ಕರೆ ನೀರು ಬಿಡುವುದು ಜೊತೆಗಿರಲಿ, ಅದೊಂದೇ ಸಾಲದು.

ಆಮೇಲೆ ಕೂಸಿನ ಬಟ್ಟೆ ಬಿಚ್ಚಿಸಿ ನೋಡಿದೆ. ಮೂತ್ರದ ದ್ವಾರ ತುದಿಯಲ್ಲೇ ಇದೆ. ಅದು ಶಿಶ್ನದ ಕೆಳಭಾಗದಲ್ಲಿದ್ದರೆ ಸುನ್ನತಿ ಮಾಡಿಸಲೇಬಾರದು, ಏಕೆಂದರೆ ಆ ದೋಷವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಅದೇ ಚರ್ಮ ಬೇಕಾಗುತ್ತದೆ. ತೂಕ ಮೂರು ಕಿಲೋ ದಾಟಿದೆ, ಕಾಮಾಲೆ ಇಳಿದಿದೆ. ಹುಟ್ಟಿದ ದಿನ ತೊಡೆಗೆ ರಕ್ತಸ್ರಾವ ತಡೆಯುವ ವಿಟಮಿನ್ ಕೆ ಚುಚ್ಚಿದ್ದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಮುಂದಿನ ಆರೈಕೆಯನ್ನೂ ಹೇಳಿದೆ. ಪ್ಲಾಸ್ಟಿಕ್ ಉಂಗುರ ಕಟ್ಟಿದರೆ ಅದು ವಾರ ಹತ್ತು ದಿನದಲ್ಲಿ ತಾನಾಗಿ ಬೀಳುತ್ತದೆ, ಎಳೆಯಬಾರದು. ಎರಡನೆಯ ಮೂರನೆಯ ದಿನ ಕಾಣುವ ಹಳದಿ ಪೊರೆ ಕೀವಲ್ಲ, ಅದನ್ನು ಉಜ್ಜಿ ತೆಗೆಯಬಾರದು. ಬೂದಿ, ಅರಿಸಿನ, ಪೌಡರ್ ಯಾವುದೂ ಬೇಡ. ಈ ಮಳೆಯಲ್ಲಿ ಬಟ್ಟೆ ಒಣಗುವುದು ಕಷ್ಟವಾದರೂ ಅಗ್ಗಿಷ್ಟಿಕೆಯ ಮೇಲೆ ಪೂರ್ತಿ ಒಣಗಿಸಿದ್ದನ್ನೇ ಹಾಕಬೇಕು. ಹನ್ನೆರಡು ಗಂಟೆಯೊಳಗೆ ಮೂತ್ರವಾಗದಿದ್ದರೆ, ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ಜಿನುಗುತ್ತಲೇ ಇದ್ದರೆ, ಕೂಸು ಹಾಲು ಬಿಟ್ಟರೆ ಅಥವಾ ಜ್ವರ ಬಂದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು.

ಕೊನೆಗೆ ಉಳಿದದ್ದು ನಾನು ಯಾವ ತಾಯಿಯನ್ನೂ ಕೇಳದೆ ಬಿಡದ ಪ್ರಶ್ನೆ. ಬಹಳ ವರ್ಷಗಳ ಹಿಂದೆ, ನಾನು ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಮನೆಯಲ್ಲಿ ಮುಂಜಿಯಾದ ಹುಡುಗನೊಬ್ಬನನ್ನು ಹೊತ್ತು ತಂದರು. ಸುತ್ತಿದ್ದ ಪಂಚೆ ನಾಲ್ಕು ಮಡಿಕೆಯಲ್ಲೂ ತೊಯ್ದು ಭಾರವಾಗಿತ್ತು. ತಾಯಿಯ ತಮ್ಮನೊಬ್ಬ ಚಿಕ್ಕಂದಿನಲ್ಲಿ ಒಂದು ಗಾಯದಿಂದ ರಕ್ತ ನಿಲ್ಲದೆ ತೀರಿಕೊಂಡಿದ್ದ ಸಂಗತಿ ನಮಗೆ ತಿಳಿದದ್ದು ಬೆಳಗಿನ ಜಾವ. ಹುಡುಗ ಉಳಿದ. ಅವನಿಗಿದ್ದದ್ದು ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದಿರುವುದು. ಗಂಡುಮಕ್ಕಳಲ್ಲಿ ಸುಮಾರು ಐದು ಸಾವಿರಕ್ಕೆ ಒಬ್ಬರಲ್ಲಿ ಕಾಣುವ, ತಾಯಿಯ ಕಡೆಯಿಂದ ಹರಿದುಬರುವ ರೋಗವದು. ಅಣ್ಣಂದಿರಿಬ್ಬರು ಸುನ್ನತಿಯಿಂದ ಸತ್ತಿದ್ದರೆ ಮೂರನೆಯವನಿಗೆ ಮಾಡಬಾರದೆಂದು ಯಹೂದಿ ಗುರುಗಳು ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ವಿಧಿಸಿದ್ದರು. ಹಿಮೋಫಿಲಿಯಾ ಇರುವವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರ ಮನೆತನದಲ್ಲಿ ಇಂಥ ಕಥೆಯೇ ಇರುವುದಿಲ್ಲ. ಹಾಗಾಗಿ ಹೊಕ್ಕುಳಿನಿಂದಲೋ, ಚುಚ್ಚುಮದ್ದಿನ ಜಾಗದಿಂದಲೋ ರಕ್ತ ಹೆಚ್ಚು ಹೊತ್ತು ಬಂದಿತ್ತೇ ಎಂಬುದನ್ನೂ ಕೇಳಿಕೊಳ್ಳಬೇಕು.

"ನಿನ್ನ ಅಣ್ಣತಮ್ಮಂದಿರಲ್ಲಿ, ಸೋದರಮಾವಂದಿರಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದೆಯಾ ಮಗಳೇ?" ಎಂದು ಕೇಳಿದೆ. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಸೊಸೆ ಸುಮ್ಮನೆ ಕೂಸಿನ ಪಾದ ಸವರುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ನಮ್ಮಣ್ಣನಿಗೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಂತಿರಲಿಲ್ಲ. ಅಮ್ಮ ಹತ್ತಿ ಬದಲಾಯಿಸುತ್ತಾ ರಾತ್ರಿಯೆಲ್ಲ ಕೂತಿದ್ದರು. ಎಲ್ಲರೂ ಡಾಕ್ಟರದ್ದೇ ತಪ್ಪು ಅಂದುಕೊಂಡೆವು" ಎಂದಳು. ಅಲ್ಲೇ ಭದ್ರಾವತಿಯ ತವರಿಗೆ ಫೋನ್ ಹಚ್ಚಿದಳು. ಸಣ್ಣವನಿದ್ದಾಗ ಸ್ವಲ್ಪ ತಾಗಿದರೂ ಅವನ ಮೈಮೇಲೆ ನೀಲಿಗಟ್ಟುತ್ತಿದ್ದುದನ್ನು ಅವಳ ತಾಯಿಯೂ ಹೇಳಿದರು.

ಇದು ಹಿಮೋಫಿಲಿಯಾವೇ ಎಂದು ನಾನು ಹೇಳಲಾರೆ, ಹೇಳಲೂ ಇಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸದೆ ಆ ಕೂಸಿನ ಮೈಗೆ ಯಾರೂ ಕತ್ತರಿ ತಾಗಿಸಬಾರದು ಎಂದಷ್ಟೇ ಹೇಳಿದೆ. ಅತ್ತೆ ಒಂದು ಕ್ಷಣವೂ ವಾದ ಮಾಡದೆ, "ಶುಕ್ರವಾರದ ಮಾತು ಬಿಡಿ, ಪರೀಕ್ಷೆ ಆಗಲಿ. ಮುಂಜಿ ಎಲ್ಲಿಗೂ ಓಡಿಹೋಗಲ್ಲ" ಎಂದರು. ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಮೂವರೂ ಕೂಸಿನೊಂದಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯವಾಯಿತು. ವೈದ್ಯರ ಮುಂದೆ ಮರೆತುಹೋಗದಿರಲೆಂದು ಅಣ್ಣನ ಹಲ್ಲಿನ ವಿಷಯವನ್ನೂ ನೀಲಿಗಟ್ಟುವುದನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಸೊಸೆ ಅದನ್ನು ಮಡಿಸಿ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡಳು.