ಅಮೆರಿಕದಲ್ಲಿ ಶಿಕ್ಷಕರ ಸಾಲ ಮನ್ನಾ: ಸಹಿ ಹಾಕುವ ಮೊದಲು

ಅಮೆರಿಕದ ಫೆಡರಲ್ ಶಿಕ್ಷಕ ಸಾಲ ಮನ್ನಾ ಬೇಕಿದ್ದರೆ, ಕಡಿಮೆ ಆದಾಯದ ಶಾಲೆಗಳ ಸರ್ಕಾರಿ ಪಟ್ಟಿಯಲ್ಲಿರುವ ಶಾಲೆಯಲ್ಲಿ ಸತತ 5 ಶೈಕ್ಷಣಿಕ ವರ್ಷ ಪೂರ್ಣಾವಧಿ ಪಾಠ ಮಾಡಬೇಕು. ಪ್ರೌಢ ಹಂತದ ಗಣಿತ, ವಿಜ್ಞಾನ ಶಿಕ್ಷಕರಿಗೆ ಮತ್ತು ವಿಶೇಷ ಶಿಕ್ಷಣದವರಿಗೆ 17,500 ಡಾಲರ್‌ವರೆಗೆ ಮನ್ನಾ. ಉಳಿದ ಅರ್ಹರಿಗೆ 5,000 ಮಾತ್ರ. ಖಾಸಗಿ ಸಾಲಕ್ಕೂ ಪ್ಲಸ್ ಸಾಲಕ್ಕೂ (ಮುಖ್ಯವಾಗಿ ಪೋಷಕರು ಮಕ್ಕಳ ಓದಿಗೆ ಪಡೆಯುವ ಫೆಡರಲ್ ಸಾಲ) ಇದು ಅನ್ವಯಿಸದು.

ಹೆಚ್ಚಿನವರು ಎಡವುವುದು ಇಲ್ಲಿ: ಈ ಮನ್ನಾಕ್ಕೆ ಬಳಸಿದ 5 ವರ್ಷಗಳ ಕಂತುಗಳು ಸಾರ್ವಜನಿಕ ಸೇವಾ ಸಾಲ ಮನ್ನಾದ (ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಗಳ ನೌಕರರಿಗಿರುವ ಇನ್ನೊಂದು ಫೆಡರಲ್ ಯೋಜನೆ) 120 ಮಾಸಿಕ ಕಂತುಗಳಲ್ಲಿ ಸೇರುವುದಿಲ್ಲ. ಸಾಲ ದೊಡ್ಡದಿದ್ದು, ಸಿಗುವುದು 5,000 ಮಾತ್ರವಾದರೆ ಎರಡನೆಯ ದಾರಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ 120 ಕಂತು ಮುಗಿದ ಮೇಲೆ ಉಳಿದದ್ದೆಲ್ಲ ಮನ್ನಾ.

ಟೀಚ್ ಗ್ರಾಂಟ್ (ಮುಂದೆ ಕಡಿಮೆ ಆದಾಯದ ಶಾಲೆಯಲ್ಲಿ ಪಾಠ ಮಾಡುವ ಒಪ್ಪಂದದ ಮೇಲೆ ಶಿಕ್ಷಕರಾಗಲು ಓದುವವರಿಗೆ ಸಿಗುವ ಫೆಡರಲ್ ಅನುದಾನ) ಬಗ್ಗೆ ಇನ್ನೂ ಎಚ್ಚರ ಬೇಕು. ಓದು ಮುಗಿದ 8 ವರ್ಷದೊಳಗೆ 4 ವರ್ಷದ ಸೇವೆ ಮುಗಿಸದಿದ್ದರೆ ಅದು ಬಡ್ಡಿಸಮೇತ ಸಾಲವಾಗುತ್ತದೆ. ಸೇವೆಯ ದೃಢೀಕರಣ ಪತ್ರವನ್ನು ಶಾಲೆಯಿಂದ ಪ್ರತಿ ವರ್ಷ ಪಡೆದಿಟ್ಟುಕೊಳ್ಳಿ.